ಗಿರಾಕಿ ಬದಲಾದಾಗ ಅಂಗಡಿ ಹೇಗೆ ಬದಲಾಗಬೇಕು: ಉತ್ತರ ಕನ್ನಡದ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಶಿರಸಿಯ ಪೇಟೆಯಲ್ಲಾಗಲಿ, ಕಾರವಾರದ ಮಾರುಕಟ್ಟೆಯಲ್ಲಾಗಲಿ, ವ್ಯಾಪಾರ ಇಳಿದಿದೆ ಎನ್ನುವ ಸಣ್ಣ ಅಂಗಡಿಯವರನ್ನು ಕಾರಣ ಕೇಳಿದರೆ ಮೊದಲು ಬರುವ ಉತ್ತರ ಆನ್‌ಲೈನ್ ಖರೀದಿ, ಎರಡನೆಯದು ಹೊಸದಾಗಿ ತೆರೆದ ದೊಡ್ಡ ಮಳಿಗೆ. ಎರಡೂ ಸುಳ್ಳಲ್ಲ. ಆದರೆ ಅದೇ ಬೀದಿಯಲ್ಲಿ ಅಷ್ಟೇ ಬಾಡಿಗೆ ಕೊಟ್ಟು, ಹೆಚ್ಚುಕಡಿಮೆ ಅದೇ ಸರಕನ್ನು ಮಾರುತ್ತ ಚೆನ್ನಾಗಿಯೇ ನಡೆಯುತ್ತಿರುವ ಇನ್ನೊಂದು ಅಂಗಡಿಯೂ ಇರುತ್ತದೆ. ಈ ಎರಡು ಅಂಗಡಿಗಳ ನಡುವಿನ ವ್ಯತ್ಯಾಸ ಬಹಳ ಸಲ ಬಂಡವಾಳದ್ದಲ್ಲ. ಯಾರು, ಯಾವ ತಿಂಗಳಲ್ಲಿ, ಏನನ್ನು ಕೇಳಿ ಬರಿಗೈಯಲ್ಲಿ ಹೋಗುತ್ತಿದ್ದಾರೆ ಎಂಬುದು ಒಬ್ಬರಿಗೆ ಗೊತ್ತಿದೆ, ಇನ್ನೊಬ್ಬರಿಗೆ ಗೊತ್ತಿಲ್ಲ.

ಕಿರಾಣಿ ಅಂಗಡಿ, ಖಾನಾವಳಿ, ಹೊಲಿಗೆ ಅಂಗಡಿ, ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರು, ಎರಡು ಕೋಣೆಯ ಹೋಂಸ್ಟೇ ನಡೆಸುವವರು, ಹೀಗೆ ಸ್ವಂತ ದುಡಿಮೆಯ ಮೇಲೆ ನಿಂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಇಲ್ಲಿ ಹೇಳುವ ಹೆಜ್ಜೆಗಳ ಅನುಕ್ರಮ ಮುಖ್ಯವಾದದ್ದು. ಮೊದಲು ಗಮನಿಸುವುದು, ಆಮೇಲೆ ಲೆಕ್ಕ ಹಾಕುವುದು, ಆಮೇಲೆ ಸಣ್ಣದಾಗಿ ಮಾಡಿನೋಡುವುದು, ಕಟ್ಟಕಡೆಗೆ ಹಣ ಹೂಡುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಮೊದಲು ಸಾಲ ತೆಗೆದು ಗಾಜಿನ ಕಪಾಟು, ದೊಡ್ಡ ಫ್ರಿಜ್ಜು, ಹೊಳೆಯುವ ಬೋರ್ಡು ಹಾಕಿಸುತ್ತಾರೆ, ಅದರೊಳಗೆ ಏನಿಡಬೇಕೆಂಬ ಯೋಚನೆ ಆಮೇಲೆ ಬರುತ್ತದೆ.

ಮೊದಲ ಹೆಜ್ಜೆ: ‘ಇಲ್ಲ’ ಎಂದದ್ದನ್ನು ಬರೆದಿಡಿ

ದಿನದ ವ್ಯಾಪಾರದ ಲೆಕ್ಕ ಎಲ್ಲ ಅಂಗಡಿಗಳಲ್ಲಿಯೂ ಇರುತ್ತದೆ. ಆದರೆ ಅದು ಹೇಳುವುದು ಮಾರಾಟವಾದದ್ದನ್ನು ಮಾತ್ರ. ಮಾರಾಟವಾಗದೆ ಕೈತಪ್ಪಿದ್ದನ್ನು ತಿಳಿಯಲು ಬೇರೆಯೇ ಒಂದು ಪುಸ್ತಕ ಬೇಕು. ಗಲ್ಲೆಯ ಪಕ್ಕದಲ್ಲಿ ಒಂದು ಸಾದಾ ನೋಟ್‌ಬುಕ್ಕನ್ನು ಇಟ್ಟುಕೊಂಡು, ಗಿರಾಕಿ ಕೇಳಿದ್ದಕ್ಕೆ ನೀವಾಗಲಿ ನಿಮ್ಮ ಕೆಲಸದವರಾಗಲಿ ‘ಇಲ್ಲ’ ಎಂದ ಪ್ರತಿ ಸಲವೂ ಒಂದು ಸಾಲು ಬರೆಯಿರಿ. ತಾರೀಖು, ಹೊತ್ತು, ಕೇಳಿದ್ದೇನು, ಕೇಳಿದವರು ಊರಿನವರೋ ಹೊರಗಿನವರೋ, ಬದಲಿಗೆ ಬೇರೇನಾದರೂ ಕೊಂಡರೋ ಹಾಗೆಯೇ ಹೋದರೋ, ಇಷ್ಟಿದ್ದರೆ ಸಾಕು.

ಇಲ್ಲಿ ‘ಇಲ್ಲ’ ಎಂದರೆ ಅಂಗಡಿಯಲ್ಲಿ ವಸ್ತು ಇರಲಿಲ್ಲ ಎಂದಷ್ಟೇ ಅಲ್ಲ. ವಸ್ತು ಇದ್ದು ಸಣ್ಣ ಪೊಟ್ಟಣ ಇರಲಿಲ್ಲ, ಚಿಲ್ಲರೆ ಇರಲಿಲ್ಲ, ಮನೆಗೆ ಕಳಿಸಲು ಹುಡುಗ ಇರಲಿಲ್ಲ, ಊಟ ಕಟ್ಟಿಕೊಡಲು ಡಬ್ಬಿ ಇರಲಿಲ್ಲ ಎಂಬುದೂ ಇದರಲ್ಲಿ ಸೇರಬೇಕು. ಬಾಗಿಲು ಹಾಕಿತ್ತು ಎಂಬುದಂತೂ ಸೇರಲೇಬೇಕು. ಮಧ್ಯಾಹ್ನ ಅಂಗಡಿ ಮುಚ್ಚಿ ಊಟ, ವಿಶ್ರಾಂತಿ ಮುಗಿಸಿ ಸಂಜೆಯ ಹೊತ್ತಿಗೆ ತೆರೆಯುವ ರೂಢಿ ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಇನ್ನೂ ಇದೆ. ಅದನ್ನು ನಾನು ತಪ್ಪೆನ್ನುವುದಿಲ್ಲ, ಬೆಳಿಗ್ಗೆಯಿಂದ ನಿಂತವರಿಗೆ ವಿಶ್ರಾಂತಿ ಬೇಕೇ ಬೇಕು. ಆದರೆ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಆಸ್ಪತ್ರೆಯದೋ ತಾಲ್ಲೂಕು ಕಚೇರಿಯದೋ ಕೆಲಸ ಮುಗಿಸಿ, ಮೂರು ಗಂಟೆಯ ಬಸ್ಸಿಗೆ ಹಿಂದಿರುಗುವವರು ನಿಮ್ಮ ಬಾಗಿಲ ಮುಂದೆ ಹಾಯುವುದು ಸರಿಯಾಗಿ ಆ ಹೊತ್ತಿನಲ್ಲೇ. ಮನೆಯವರು ಸರದಿಯಲ್ಲಿ ಕೂತು ವಾರದಲ್ಲಿ ಎರಡು ಮಧ್ಯಾಹ್ನ ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಖರ್ಚೇನೂ ಇಲ್ಲ.

ಗಿರಾಕಿಯನ್ನು ನೇರವಾಗಿ ಕೇಳಬಾರದೇ ಎಂದರೆ, ಕೇಳಬಹುದು. ಆದರೆ ಕೇಳುವ ಬಗೆ ಸರಿಯಾಗಿರಬೇಕು. ‘ನಮ್ಮ ಅಂಗಡಿ ಹೇಗಿದೆ?’ ಎಂದು ಕೇಳಿದರೆ ನಮ್ಮ ಕಡೆಯ ಜನ ಮುಖ ನೋಡಿ ‘ಎಲ್ಲಾ ಚೊಲೋ ಇದ್ದು’ ಎನ್ನುತ್ತಾರೆ, ಅದರಿಂದ ಕಲಿಯುವುದು ಏನೂ ಇರುವುದಿಲ್ಲ. ಅದರ ಬದಲು ‘ಈ ಸಲ ಚವತಿ ಸಾಮಾನು ಎಲ್ಲಿ ತಗೊಂಡ್ರಿ?’ ಎಂದೋ, ‘ಇಲ್ಲಿ ಸಿಗದೆ ಬೇರೆ ಕಡೆ ಹೋಗಿ ತರುವುದು ಏನಿದೆ?’ ಎಂದೋ ಕೇಳಬೇಕು. ನಡೆದದ್ದನ್ನು ಕೇಳಿದರೆ ಜನ ನಿಜ ಹೇಳುತ್ತಾರೆ, ಅಭಿಪ್ರಾಯ ಕೇಳಿದರೆ ಸೌಜನ್ಯ ತೋರುತ್ತಾರೆ.

ಇದರ ಜೊತೆಗೆ ಹಳೆಯ ಉದ್ರಿ ಪುಸ್ತಕವನ್ನೂ ಒಮ್ಮೆ ತೆರೆಯಿರಿ. ಎರಡು ವರ್ಷದ ಹಿಂದೆ ತಿಂಗಳು ತಿಂಗಳೂ ಬರುತ್ತಿದ್ದು ಈಗ ಬಾರದವರ ಹೆಸರುಗಳನ್ನು ಪಟ್ಟಿ ಮಾಡಿ, ಒಬ್ಬೊಬ್ಬರ ಎದುರಿಗೂ ಕಾರಣ ಬರೆಯಲು ಪ್ರಯತ್ನಿಸಿ. ಕೆಲವರು ಮಗನ ಜೊತೆ ಬೆಂಗಳೂರಿಗೆ ಹೋಗಿರುತ್ತಾರೆ. ಕೆಲವರು ತಾವು ಅಡಿಕೆ ಮಾರುವ ಸಹಕಾರಿ ಸೊಸೈಟಿಯ ಮಳಿಗೆಯಲ್ಲಿ ಅಡಿಕೆ ಖಾತೆಗೇ ಸಾಮಾನು ಬರೆಸುತ್ತಿರುತ್ತಾರೆ. ಇನ್ನು ಕೆಲವರು ನಿಮಗೆ ಕೊಡಬೇಕಾದ ಬಾಕಿ ಉಳಿದಿದೆ ಎಂಬ ಸಂಕೋಚಕ್ಕೇ ಆ ಬೀದಿಯನ್ನು ತಪ್ಪಿಸಿ ನಡೆಯುತ್ತಿರುತ್ತಾರೆ. ಈ ಕೊನೆಯವರನ್ನು ಮರಳಿ ಕರೆಯುವುದು ಎಲ್ಲಕ್ಕಿಂತ ಸುಲಭ. ಬಾಕಿಯನ್ನು ಕಂತಿನಲ್ಲಿ ಕೊಡಬಹುದು, ಹೊಸ ಸಾಮಾನಿಗೆ ಮಾತ್ರ ನಗದು ಸಾಕು ಎಂದು ಮರ್ಯಾದೆಯಿಂದ ಒಂದು ಮಾತು ಹೇಳಿದರೆ ಬಾಕಿಯೂ ಬರುತ್ತದೆ, ಗಿರಾಕಿಯೂ ಬರುತ್ತಾನೆ.

ಎರಡನೆಯ ಹೆಜ್ಜೆ: ಯಾರ ಅಗತ್ಯ, ಯಾವ ತಿಂಗಳಿನದು

ನೋಟ್‌ಬುಕ್ಕಿನಲ್ಲಿ ಒಂದು ತಿಂಗಳ ಬರಹ ಸೇರಿದ ಮೇಲೆ ಅದನ್ನು ಗಿರಾಕಿಗಳ ಗುಂಪಿಗೆ ತಕ್ಕಂತೆ ವಿಂಗಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಕೆಲವು ಗುಂಪುಗಳಂತೂ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಈಗ ಹಿರಿಯರಿಬ್ಬರೇ ಇರುವುದು ಸಾಮಾನ್ಯ ಸಂಗತಿ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ ಅಥವಾ ಅದಕ್ಕೂ ದೂರ ಹೋಗಿದ್ದಾರೆ. ಇಂಥ ಮನೆಗೆ ತಿಂಗಳಿಗೆ ಇಪ್ಪತ್ತೈದು ಕೆಜಿಯ ಅಕ್ಕಿ ಚೀಲ ಬೇಡ. ಐದು ಕೆಜಿ ಸಾಕು, ಆದರೆ ಅದು ಮನೆಯ ಅಂಗಳಕ್ಕೆ ಬರಬೇಕು. ಔಷಧಿ, ತರಕಾರಿ, ಗ್ಯಾಸ್ ಸ್ಟೌವಿನ ಒಂದು ಬಿಡಿಭಾಗ, ಎಲ್ಲವೂ ಒಂದೇ ಸಲಕ್ಕೆ ಬಂದರೆ ಇನ್ನೂ ಒಳ್ಳೆಯದು. ಇಲ್ಲಿ ಸಾಮಾನು ಬಳಸುವವರು ತಂದೆ-ತಾಯಿ, ಹಣ ಕಳಿಸುವವರು ದೂರದ ಮಕ್ಕಳು. ಆದ್ದರಿಂದ ನಿಮಗೆ ಒಬ್ಬರಲ್ಲ, ಇಬ್ಬರು ಗಿರಾಕಿಗಳು. ಸಾಮಾನು ಮುಟ್ಟಿದ ಮೇಲೆ ಚೀಟಿಯ ಫೋಟೋವನ್ನೂ, ಒಟ್ಟು ಮೊತ್ತವನ್ನೂ ಮಗಳ ಅಥವಾ ಮಗನ ಫೋನಿಗೆ ಕಳಿಸಿದರೆ ಅವರು ಅಲ್ಲಿಂದಲೇ ಯುಪಿಐ ಮೂಲಕ ಹಣ ಹಾಕುತ್ತಾರೆ. ಊರಿನ ಮನೆಗೆ ವಾರಕ್ಕೊಮ್ಮೆ ನಂಬಿಕೆಯ ಮನುಷ್ಯನೊಬ್ಬ ಹೋಗಿ ಬರುತ್ತಾನೆ ಎಂಬ ನೆಮ್ಮದಿಗೆ ಅವರು ಕೊಡುವ ಬೆಲೆ ದೊಡ್ಡದು. ಮುಂದಿನ ಹತ್ತು ವರ್ಷ ಮಲೆನಾಡಿನ ಸಣ್ಣ ಅಂಗಡಿಗಳನ್ನು ಹಿಡಿದು ನಿಲ್ಲಿಸಬಲ್ಲದ್ದು ಈ ಸೇವೆಯೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ, ಏಕೆಂದರೆ ಯಾವ ಆನ್‌ಲೈನ್ ಕಂಪನಿಯ ಹುಡುಗನೂ ಹೊಳೆ ದಾಟಿ, ತೋಟದ ದಾರಿ ಹಿಡಿದು, ಅಜ್ಜಿಗೆ ಮಾತ್ರೆ ಯಾವುದೆಂದು ಓದಿ ಹೇಳಿ ಬರುವುದಿಲ್ಲ.

ಎರಡನೆಯ ಗುಂಪು ಮಹಿಳೆಯರದು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಓಡಾಟ ಹೆಚ್ಚಿತು. ಶಿರಸಿಯ ಮಾರಿಕಾಂಬೆ, ಇಡಗುಂಜಿ, ಗೋಕರ್ಣ, ಮುರ್ಡೇಶ್ವರಕ್ಕೆ ಬೇರೆ ಜಿಲ್ಲೆಗಳಿಂದ ಗುಂಪುಗುಂಪಾಗಿ ಬರುತ್ತಾರೆ. ಇವರು ಬಸ್ ನಿಲ್ದಾಣದಿಂದ ದೇವಸ್ಥಾನದವರೆಗಿನ ದಾರಿಯಲ್ಲೇ ಖರೀದಿ ಮಾಡುತ್ತಾರೆ. ಹೊತ್ತುಕೊಂಡು ಹೋಗಲು ಹಗುರವಾದದ್ದು, ಮನೆಯವರಿಗೆ ಹಂಚಲು ಬರುವಂಥದ್ದು, ನೂರು ರೂಪಾಯಿಯ ಒಳಗಿನದು ಬೇಕೆನ್ನುತ್ತಾರೆ. ಅಂಗಡಿಯ ಎದುರು ಒಂದು ಬೆಂಚು, ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂಬ ಒಂದು ಫಲಕ ಇದ್ದರೆ ಅವರು ನಿಲ್ಲುತ್ತಾರೆ, ನಿಂತವರು ಕೊಳ್ಳುತ್ತಾರೆ.

ಕಾರವಾರದ ಕಡೆ ಬಂದರೆ ಕೈಗಾ ಅಣುವಿದ್ಯುತ್ ಸ್ಥಾವರದ ಮತ್ತು ಸೀಬರ್ಡ್ ನೌಕಾನೆಲೆಯ ನೌಕರರ ಕುಟುಂಬಗಳು ಬೇರೆಯೇ ಒಂದು ಮಾರುಕಟ್ಟೆ. ದೇಶದ ನಾನಾ ಭಾಗದಿಂದ ಬಂದ ಇವರಿಗೆ ತಿಂಗಳ ಮೊದಲ ವಾರ ಮುಖ್ಯ. ಬೇರೆ ಅಡುಗೆಯ ಸಾಮಾನು ಬೇಕು. ವರ್ಗಾವಣೆಯಾದಾಗ ಹೊಸಬರು ಬರುತ್ತಾರೆ, ಬಂದವರಿಗೆ ಹಳಬರು ಹೇಳಿದ ಅಂಗಡಿಯೇ ಗೊತ್ತಿರುತ್ತದೆ. ಇನ್ನು ಗೋವಾದಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ವಾರದ ಕೊನೆಗೆ ಬರುವ ಪ್ರವಾಸಿಗರ ವಿಚಾರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ.

ಗುಂಪು ಗುರುತಿಸಿದ ಮೇಲೆ ಅದನ್ನು ತಿಂಗಳಿಗೆ ಹೊಂದಿಸಬೇಕು. ನಮ್ಮಲ್ಲಿ ಹಣ ಓಡಾಡುವುದು ಕ್ಯಾಲೆಂಡರಿನ ಪ್ರಕಾರ ಅಲ್ಲ, ಬೆಳೆ ಮತ್ತು ಕಡಲಿನ ಪ್ರಕಾರ. ಅಡಿಕೆಗೊನೆಯ ಕೊಯ್ಲು ಮುಗಿದು, ಚಾಲಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಅಡಿಕೆ, ಸುಲಿದು ಸೊಸೈಟಿಗೋ ದಲಾಲರ ಅಂಗಡಿಗೋ ಹೋದಾಗ ಘಟ್ಟದ ಮೇಲೆ ಹಣ ಬರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂದರಿನ ಸುತ್ತಲಿನ ಅಂಗಡಿ, ಖಾನಾವಳಿಗಳಿಗೆ ಆಗ ಗಿರಾಕಿಯೂ ಕಡಿಮೆ, ಇದ್ದವರ ಕೈಯಲ್ಲಿ ಹಣವೂ ಕಡಿಮೆ. ಆ ಎರಡು ತಿಂಗಳು ಇಸ್ವಾಣ (ಅಂಜಲ್) ಮೀನಿನ ಊಟವನ್ನೇ ನೆಚ್ಚಿಕೊಂಡ ಖಾನಾವಳಿಗೆ ನಷ್ಟ ಖಚಿತ. ಮೇ ತಿಂಗಳಲ್ಲೇ ಒಣಮೀನು ಕೊಂಡಿಟ್ಟು, ಒಣಮೀನಿನ ಚಟ್ನಿ, ಮೊಟ್ಟೆ, ಕಾಳಿನ ಸಾರಿನ ಅಗ್ಗದ ಊಟಕ್ಕೆ ಹೊರಳಿದವರು ತಮ್ಮ ಕೆಲಸದವರನ್ನು ಬಿಡದೆ ಮಳೆಗಾಲ ಕಳೆಯಬಹುದು. ಚವತಿ, ದೀಪಾವಳಿ ಪ್ರತಿವರ್ಷ ಬರುತ್ತವೆ, ಆದರೆ ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. 2024ರ ಜಾತ್ರೆಯ ತಿಂಗಳ ವ್ಯಾಪಾರವನ್ನು 2025ರ ಅದೇ ತಿಂಗಳಿನ ಜೊತೆ ಹೋಲಿಸಿ ವ್ಯಾಪಾರ ಬಿದ್ದುಹೋಯಿತೆಂದು ಹೆದರುವುದರಲ್ಲಿ ಅರ್ಥವಿಲ್ಲ. 2026ರ ಜಾತ್ರೆಯ ತಿಂಗಳನ್ನೇ ಎದುರಿಗಿಟ್ಟು ಹೋಲಿಸಬೇಕು.

ಮೂರನೆಯ ಹೆಜ್ಜೆ: ಉಳಿಯುವ ಬೇಡಿಕೆಯೇ, ಹಾದುಹೋಗುವುದೇ

ಕೇಳಿದ್ದನ್ನೆಲ್ಲ ತಂದಿಡಲು ಯಾವ ಸಣ್ಣ ಅಂಗಡಿಯಿಂದಲೂ ಆಗದು. ಒಂದು ಬೇಡಿಕೆಗೆ ಜಾಗ ಕೊಡುವ ಮೊದಲು ಮೂರು ವಿಷಯ ನೋಡಿ. ಬೇರೆ ಬೇರೆ ಜನ ಅದನ್ನೇ ಕೇಳುತ್ತಿದ್ದಾರೆಯೇ, ಅಥವಾ ಒಬ್ಬರೇ ಪದೇ ಪದೇ ಕೇಳುತ್ತಿದ್ದಾರೆಯೇ? ಕೇಳಿದವರು ಮತ್ತೆ ಬರುವವರೇ? ಕೇಳಿದ ವಸ್ತುವಿನ ಹಿಂದೆ ಇರುವ ಅಗತ್ಯ ಯಾವುದು?

ಮೂರನೆಯ ಪ್ರಶ್ನೆಯೇ ಮುಖ್ಯ. ಮೀನು ಮಾರುಕಟ್ಟೆಯಲ್ಲಿ ಬಂಗಡೆ ಕೊಳ್ಳಲು ಬಂದ ನೌಕರಸ್ಥ ಮಹಿಳೆ ಸಣ್ಣ ಮೀನನ್ನು ಬಿಟ್ಟು ತುಂಡು ಮಾಡಿದ ದೊಡ್ಡ ಮೀನನ್ನು ಕೇಳಿದರೆ, ಆಕೆಗೆ ಬೇಕಾದದ್ದು ದೊಡ್ಡ ಮೀನೇ ಆಗಿರಬೇಕೆಂದಿಲ್ಲ. ಮನೆಗೆ ಹೋಗಿ ಮೀನು ಹೆರೆದು ತೊಳೆಯಲು ಹೊತ್ತಿಲ್ಲ, ಅಷ್ಟೇ. ಅದನ್ನು ಅರಿತವರು ತಾರ್ಲೆಯಂಥ ಸಣ್ಣ ಮೀನನ್ನೂ ಶುಚಿ ಮಾಡಿಕೊಟ್ಟು, ಅದಕ್ಕೆ ಬೇರೆ ಹಣ ಪಡೆಯುತ್ತಾರೆ. ಹೊಲಿಗೆ ಅಂಗಡಿಗೆ ಬಟ್ಟೆ ತರುವವರು ಕಡಿಮೆಯಾಗಿದ್ದಾರೆ ಎಂದರೆ ಜನ ಬಟ್ಟೆ ಹಾಕುವುದನ್ನು ಬಿಟ್ಟಿದ್ದಾರೆ ಎಂದಲ್ಲವಷ್ಟೆ. ಸಿದ್ಧ ಉಡುಪನ್ನು ಫೋನಿನಲ್ಲಿ ತರಿಸಿ, ತೋಳು ಉದ್ದ, ಸೊಂಟ ಸಡಿಲ ಎಂದು ಒದ್ದಾಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ‘ಸಿದ್ಧ ಉಡುಪನ್ನು ಅಳತೆಗೆ ಸರಿಮಾಡಿ ಅದೇ ದಿನ ಕೊಡಲಾಗುವುದು’ ಎಂಬ ಬೋರ್ಡು ಹಾಕಿ, ಕೆಲಸಕ್ಕೊಂದು ನಿಗದಿ ದರ ಬರೆದರೆ, ಆನ್‌ಲೈನ್ ಖರೀದಿ ಹೆಚ್ಚಿದಷ್ಟೂ ಆ ಹೊಲಿಗೆಯವರ ಕೆಲಸವೂ ಹೆಚ್ಚುತ್ತದೆ. ಮೊಬೈಲ್ ರಿಚಾರ್ಜ್ ಮಾಡಿಕೊಡುತ್ತಿದ್ದ ಗೂಡಂಗಡಿಗಳ ಕತೆಯೂ ಇದೇ: ರಿಚಾರ್ಜನ್ನು ಜನ ತಾವೇ ಮಾಡಿಕೊಳ್ಳಲು ಕಲಿತರು, ಆದರೆ ಅರ್ಜಿ ತುಂಬುವುದು, ದಾಖಲೆ ಸ್ಕ್ಯಾನ್ ಮಾಡುವುದು, ರೈಲು ಟಿಕೆಟ್ ತೆಗೆಯುವುದು ಹಲವರಿಗೆ ಇನ್ನೂ ಕಷ್ಟ.

ಸಕ್ಕರೆ ಇಲ್ಲದ ಚಹಾ, ಕಡಿಮೆ ಎಣ್ಣೆಯ ತಿಂಡಿ ಕೇಳುವವರು ಬರುವ ವರ್ಷವೂ ಕೇಳುತ್ತಾರೆ, ಅದಕ್ಕೆ ಆರೋಗ್ಯದ ಕಾರಣವಿದೆ. ರೀಲ್ಸ್ ನೋಡಿ ಬಂದು ಯಾವುದೋ ಬಣ್ಣದ ಪಾನೀಯ ಕೇಳುವವರು ಮುಂದಿನ ರಜೆಗೆ ಬೇರೇನನ್ನೋ ಕೇಳಬಹುದು. ಎರಡನೆಯದನ್ನು ಮಾರಬಾರದೆಂದಲ್ಲ, ಅದಕ್ಕಾಗಿ ಯಂತ್ರ ಕೊಳ್ಳಬಾರದು.

ನಾಲ್ಕನೆಯ ಹೆಜ್ಜೆ: ಸಣ್ಣದಾಗಿ ಮಾಡಿನೋಡುವುದು, ನಷ್ಟದ ಮಿತಿ ಮೊದಲೇ ಬರೆಯುವುದು

ಒಂದು ಲೆಕ್ಕವನ್ನು ಉದಾಹರಣೆಗೆ ನೋಡೋಣ. ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ನೂರರ ಕಟ್ಟನ್ನು 300 ರೂಪಾಯಿಗೆ ಮಾರುವವರಿದ್ದಾರೆ ಎಂದಿಟ್ಟುಕೊಳ್ಳಿ. ಊರಿನ ಮನೆಗಳಿಗೆ ನೂರರ ಕಟ್ಟೇ ಸರಿ. ಪ್ರವಾಸಿ ಕೇಳುವುದು ಇಪ್ಪತ್ತೈದರ ಪೊಟ್ಟಣ. ಹಪ್ಪಳದ ಬೆಲೆ 75 ರೂಪಾಯಿ, ಮುಚ್ಚುವ ಚೀಲ ಮತ್ತು ಲೇಬಲ್‌ಗೆ 8, ಎಣಿಸಿ ತುಂಬುವ ದುಡಿಮೆಗೆ 5, ಒಡೆದು ಹಾಳಾಗುವುದಕ್ಕೆ 4, ಅಂಗಡಿಯಲ್ಲಿಟ್ಟು ಮಾರುವವರ ಪಾಲು 18 ಎಂದು ಹಿಡಿದರೆ 110 ರೂಪಾಯಿ ಆಯಿತು. ಇದನ್ನು 90 ರೂಪಾಯಿಗೆ ಮಾರಿ ‘ಚೆನ್ನಾಗಿ ಹೋಗುತ್ತಿದೆ’ ಎಂದು ಸಂತೋಷಪಡುವವರು ತಮ್ಮದೇ ದುಡಿಮೆಯನ್ನು ಪುಕ್ಕಟೆ ಹಂಚುತ್ತಿರುತ್ತಾರೆ. ಮನೆಯವರ ದುಡಿಮೆಗೆ ಕೂಲಿ ಹಿಡಿಯದ ಲೆಕ್ಕ ಲೆಕ್ಕವೇ ಅಲ್ಲ. ನಮ್ಮ ಕಡೆ ಹೆಂಗಸರು ನಡೆಸುವ ಉದ್ಯಮಗಳಿಗೆ ಬಿದ್ದಿರುವ ದೊಡ್ಡ ಪೆಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ. ಪೊಟ್ಟಣಕ್ಕೆ 120 ಇಟ್ಟು, ಮೊದಲಿಗೆ ಐವತ್ತೇ ಪೊಟ್ಟಣ ಮಾಡಿ, ಎರಡು ಅಂಗಡಿಗಳಲ್ಲಿ ಮಾತ್ರ ಇಟ್ಟು ನೋಡಬೇಕು.

ಮಾಡಿನೋಡುವ ಮೊದಲು ಮೂರು ಸಾಲು ಬರೆದು ಸಹಿ ಹಾಕಿ: ಎಷ್ಟು ದಿನ, ಎಷ್ಟು ಹಣದವರೆಗೆ ಹೋದರೂ ಪರವಾಗಿಲ್ಲ, ಎಷ್ಟು ಮಾರಾಟವಾದರೆ ಮುಂದುವರಿಸುವುದು. ಮೊದಲೇ ಬರೆಯದಿದ್ದರೆ ಆಮೇಲೆ ಮನಸ್ಸು ಒಪ್ಪುವುದಿಲ್ಲ, ‘ಇನ್ನೊಂದು ತಿಂಗಳು ನೋಡೋಣ’ ಎನ್ನುತ್ತಲೇ ಸರಕು ಹಳತಾಗುತ್ತದೆ. ಹವೆಯನ್ನೂ ಮರೆಯಬಾರದು. ಹಪ್ಪಳ, ತೊಡೆದೇವು, ಒಣ ತಿಂಡಿಗಳು ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತವೆ. ಜುಲೈನಲ್ಲಿ ಮಾಡಿನೋಡಿ ಸೋತರೆ ಅದು ವಸ್ತುವಿನ ಸೋಲಲ್ಲ. ದ್ರವರೂಪದ ಜೋನಿ ಬೆಲ್ಲದ ವಿಷಯದಲ್ಲಿ ಗಿರಾಕಿಯ ಹಿಂಜರಿಕೆ ರುಚಿಯ ಬಗ್ಗೆ ಇರುವುದಿಲ್ಲ, ರೈಲಿನಲ್ಲಿ ಡಬ್ಬಿ ಸೋರಿ ಬಟ್ಟೆ ಹಾಳಾದೀತೆಂಬ ಭಯದಿಂದ ಬಿಟ್ಟುಹೋಗುತ್ತಾರೆ. ಮುಚ್ಚಳದ ಕೆಳಗೆ ಸೀಲು ಇರುವ ಅರ್ಧ ಕೆಜಿಯ ಬಾಟಲಿಯೊಂದೇ ಆ ತೊಡಕನ್ನು ಬಿಡಿಸುತ್ತದೆ.

ಐದನೆಯ ಹೆಜ್ಜೆ: ಹಣ ಎಲ್ಲಿಂದ

ಸಾಲಕ್ಕೆ ಹೋಗುವ ಮುನ್ನ ಕಪಾಟಿನಲ್ಲಿ ಸತ್ತುಬಿದ್ದಿರುವ ಹಣವನ್ನು ಎಬ್ಬಿಸಿ. ಆರು ತಿಂಗಳಿಂದ ಅಲುಗದ ಸರಕನ್ನು ಒಂದು ಕಡೆ ಜೋಡಿಸಿ, ಕೊಂಡ ಬೆಲೆಗೇ ಮಾರಿಬಿಡಿ. ಹಿಂದಕ್ಕೆ ತೆಗೆದುಕೊಳ್ಳುವ ಏಜೆಂಟರಿದ್ದರೆ ಅವಧಿ ಮುಗಿಯುವ ಮೊದಲೇ ಕೊಡಿ. ಉದ್ರಿಗೆ ಒಂದು ಮೇಲ್ಮಿತಿ ಇಡಿ, ಅದು ಎಲ್ಲರಿಗೂ ಒಂದೇ ಆಗಿರಲಿ. ಅಡಿಕೆ ಮಾರಿದ ಮೇಲೆ ಕೊಡುವ ತೋಟಿಗರಿಗೂ, ವಾರದ ಬಟವಾಡೆಯ ಕೂಲಿಯವರಿಗೂ ಗಡುವು ಬೇರೆ ಬೇರೆ ಇರಬಹುದು, ಆದರೆ ಗಡುವು ಇರಬೇಕು.

ಮಾಡಿನೋಡಿದ್ದು ಫಲ ಕೊಟ್ಟ ಮೇಲೆ ಸಾಲ ತೆಗೆಯುವುದಾದರೆ ಮುದ್ರಾ ಯೋಜನೆಯಲ್ಲಿ ಶಿಶು ವರ್ಗಕ್ಕೆ 50 ಸಾವಿರ, ಕಿಶೋರ ವರ್ಗಕ್ಕೆ 5 ಲಕ್ಷ, ತರುಣ ವರ್ಗಕ್ಕೆ 10 ಲಕ್ಷ ರೂಪಾಯಿಯವರೆಗೆ ಮಿತಿ ಇದೆ. ಬೀದಿ ಬದಿಯ ವ್ಯಾಪಾರಿಗಳಿಗೆ 2020ರಲ್ಲಿ ಪಿಎಂ ಸ್ವನಿಧಿ ಯೋಜನೆ ಬಂತು. ಸಾಲ ತೀರಿಸಿದವರಿಗೆ ಮುಂದಿನ ಸಲ ಹೆಚ್ಚಿನ ಮೊತ್ತ ಸಿಗುವಂತೆ ಅದನ್ನು ರೂಪಿಸಲಾಗಿದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಅದೇ ವರ್ಷ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು ಸಹಾಯಧನದ ವ್ಯವಸ್ಥೆ ಇತ್ತು, ಕರ್ನಾಟಕ ಸರ್ಕಾರ ಅದಕ್ಕೆ ತನ್ನ ಪಾಲನ್ನೂ ಸೇರಿಸಿತ್ತು. ಈಗ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂಬುದನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬೇಡದ ಯಂತ್ರ ತಂದವರ ಮನೆಯ ಮೂಲೆಯಲ್ಲಿ ಅದು ತುಕ್ಕು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ.

ಫೋನಿನಲ್ಲಿ ಅಂಗಡಿ

ಇದಕ್ಕೆ ಆ್ಯಪ್ ಮಾಡಿಸಬೇಕಿಲ್ಲ, ವೆಬ್‌ಸೈಟೂ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ವಸ್ತುವಿನ ಫೋಟೋ, ತೂಕ, ಬೆಲೆ ಹಾಕಿದರೆ ಸಾಕು. ಮುಖ್ಯವಾದದ್ದು ಶಿಸ್ತು: ಬೆಳಿಗ್ಗೆ ಹನ್ನೊಂದರೊಳಗೆ ಬಂದ ಬೇಡಿಕೆ ಅದೇ ದಿನ, ಆಮೇಲೆ ಬಂದದ್ದು ಮರುದಿನ ಎಂದು ಸ್ಪಷ್ಟವಾಗಿ ತಿಳಿಸಿ, ಅದನ್ನು ತಪ್ಪದೆ ಪಾಲಿಸಬೇಕು. ಪ್ರತಿ ಮನೆಗೂ ಪ್ರತಿದಿನ ಓಡುವ ಬದಲು ಸೋಮವಾರ ಒಂದು ದಿಕ್ಕು, ಗುರುವಾರ ಇನ್ನೊಂದು ದಿಕ್ಕು ಎಂದು ಹಂಚಿಕೊಂಡರೆ ಪೆಟ್ರೋಲಿನ ಖರ್ಚು ನಿಭಾಯಿಸಬಹುದು. ದೂರದ ಹಳ್ಳಿಗೆ ಬಸ್ಸಿಗೆ ಹಾಕಿ ಕಳಿಸುವ ಹಳೆಯ ಪದ್ಧತಿ ಇನ್ನೂ ಚೆನ್ನಾಗಿಯೇ ಇದೆ. ಚೀಲದ ಮೇಲೆ ಹೆಸರು, ಇಳಿಸಬೇಕಾದ ನಿಲ್ದಾಣ, ಫೋನ್ ನಂಬರ್ ದೊಡ್ಡದಾಗಿ ಬರೆದಿರಬೇಕು.

ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಇದೆಯೇ, ಅಲ್ಲಿ ತೋರಿಸುವ ಸಮಯ ಸರಿಯಾಗಿದೆಯೇ ಎಂದು ಇವತ್ತೇ ನೋಡಿ. ಗೋಕರ್ಣದಲ್ಲೋ ಹೊನ್ನಾವರದಲ್ಲೋ ಹಸಿದ ಪ್ರವಾಸಿ ಮ್ಯಾಪಿನಲ್ಲಿ ‘ತೆರೆದಿದೆ’ ಎಂಬುದನ್ನು ನಂಬಿ ಬಂದು ಮುಚ್ಚಿದ ಬಾಗಿಲು ನೋಡಿದರೆ ಸಿಟ್ಟಿನಿಂದ ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ, ಆ ಒಂದು ನಕ್ಷತ್ರ ಮುಂದಿನವರ ಕಣ್ಣಿಗೆ ಬೀಳುತ್ತದೆ. ಯುಪಿಐ ಹಣ ಬಂದುದನ್ನು ಧ್ವನಿಪೆಟ್ಟಿಗೆಯಲ್ಲೋ ಬ್ಯಾಂಕಿನ ಸಂದೇಶದಲ್ಲೋ ಖಚಿತಪಡಿಸಿಕೊಳ್ಳಿ, ಗಿರಾಕಿ ತೋರಿಸಿದ ಪರದೆಯ ಚಿತ್ರವನ್ನು ನೆಚ್ಚಬೇಡಿ. ಆಷಾಢದ ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಊರುಗಳಲ್ಲಿ ಚಿಲ್ಲರೆ ಹಣ, ಕಾಗದದ ಪುಸ್ತಕ, ಚಾರ್ಜ್ ಮಾಡಿಟ್ಟ ಒಂದು ದೀಪ ಯಾವಾಗಲೂ ಇರಲೇಬೇಕು.

ಕಾಗದಪತ್ರ

ತಿನ್ನುವ ವಸ್ತು ಯಾವುದೇ ಆಗಲಿ, ಮನೆಯಲ್ಲೇ ಮಾಡಿದ್ದಾದರೂ ಸರಿ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯಲ್ಲಿ ಸಣ್ಣವರಿಗೆ ನೋಂದಣಿ, ದೊಡ್ಡವರಿಗೆ ಪರವಾನಗಿ ಕಡ್ಡಾಯ. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಅದರ ಜೊತೆ ಏನೇನು ಸೇರಿಸಿದೆ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನ ಬಳಸಬಹುದು, ಗರಿಷ್ಠ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಇವೆಲ್ಲ ಬೇಕು. ಲೇಬಲ್ ಇಲ್ಲದ ಉಪ್ಪಿನಕಾಯಿಯನ್ನು ಊರಿನವರು ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ, ಹೊರಗಿನವರಿಗೆ ಲೇಬಲ್ಲೇ ನಿಮ್ಮ ಮುಖ. ಅಪ್ಪೆಮಿಡಿ, ಶಿರಸಿ ಸುಪಾರಿ, ಅಂಕೋಲಾದ ಕರಿ ಈಶಾಡು ಮಾವು ಭೌಗೋಳಿಕ ಸೂಚಕದ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನ ಎಂಬ, ಮಾನ್ಯತೆ ಪಡೆದವು. ಆ ಗುರುತನ್ನು ಪೊಟ್ಟಣದ ಮೇಲೆ ಮುದ್ರಿಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಶುಲ್ಕವಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿ ಮಾರುವುದಾದರೆ ಈ ವಿನಾಯಿತಿ ಸಾಮಾನ್ಯವಾಗಿ ಅನ್ವಯಿಸದು. ಗೋವಾ ಗಡಿಗೆ ಅಂಟಿಕೊಂಡಿರುವ ಕಾರವಾರದವರು ಇದನ್ನು ಲೆಕ್ಕಪತ್ರ ಬಲ್ಲವರಿಂದ ತಿಳಿದುಕೊಂಡೇ ಕಾಲಿಡಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಕೆಲವರು ಕ್ಯೂಆರ್ ಕೋಡನ್ನೇ ತೆಗೆದುಹಾಕಿದರು. ಅದರಿಂದ ಆಗುವುದು ಗಿರಾಕಿಯ ನಷ್ಟವಷ್ಟೇ. ವ್ಯಾಪಾರದ ಖಾತೆ ಮತ್ತು ಮನೆಯ ಖಾತೆ ಬೇರೆ ಬೇರೆ ಇಟ್ಟು, ಕೊಂಡ ಸರಕಿನ ಬಿಲ್ಲುಗಳನ್ನು ಜೋಪಾನ ಮಾಡುವುದೇ ಸರಿಯಾದ ರಕ್ಷಣೆ.

ಬದಲಿಸಬಾರದ್ದು

ಹೊಸ ಗಿರಾಕಿಗಾಗಿ ಹಳಬರನ್ನು ದೂರ ಮಾಡಿಕೊಂಡರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಪ್ರವಾಸಿಗರ ನಾಲಿಗೆಗೆಂದು ಮೀನಿನ ಸಾರಿನ ಹುಳಿಖಾರ ಇಳಿಸಿದ ಖಾನಾವಳಿಗೆ ವಾರವಿಡೀ ಬರುತ್ತಿದ್ದ ಬ್ಯಾಂಕಿನವರು, ಕೋರ್ಟಿನವರು ಬರುವುದನ್ನು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಪ್ರವಾಸಿಗರೂ ಇರುವುದಿಲ್ಲ. ಬೇಕಾದರೆ ಸಪ್ಪೆಯ ಇನ್ನೊಂದು ಪದಾರ್ಥ ಸೇರಿಸಿ, ಇದ್ದದ್ದನ್ನು ಕೆಡಿಸಬೇಡಿ. ಬೆಲೆ ಏರಿಸಲೇಬೇಕಾದಾಗ ತೂಕವನ್ನು ಸದ್ದಿಲ್ಲದೆ ಇಳಿಸುವುದಕ್ಕಿಂತ ಕಾರಣ ಬರೆದು ಫಲಕ ಹಾಕುವುದು ಮೇಲು. ಊರಿನವರಿಗೊಂದು, ಹೊರಗಿನವರಿಗೊಂದು ಬೆಲೆ ಇಡುವ ಆಸೆಯನ್ನು ಪೂರ್ತಿಯಾಗಿ ಬಿಡಬೇಕು. ಕುಮಟಾದ ಹೆದ್ದಾರಿ ಬದಿಯಲ್ಲಿ ಬೇಸಿಗೆಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿ ಕೂರುವ ಮಹಿಳೆಯರ ಎದುರು ಕಾರುಗಳು ನಿಲ್ಲುವುದಕ್ಕೆ ಕಾರಣ ಆ ಈರುಳ್ಳಿ ಬೇರೆಡೆ ಸಿಗದು ಎಂಬುದು. ನಿಮ್ಮಲ್ಲಿ ಅಂಥದ್ದು ಯಾವುದೆಂದು ಗುರುತಿಸಿ, ಅದನ್ನು ಹಾಗೆಯೇ ಉಳಿಸಿಕೊಳ್ಳಿ.

ದಾರಿ ಮುಚ್ಚಿದ ದಿನಕ್ಕೆ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಹಲವು ದಿನ ನಿಂತಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಹೋದ ಜೀವಗಳ ಎದುರು ವ್ಯಾಪಾರದ ನಷ್ಟ ಏನೂ ಅಲ್ಲ. ಆದರೂ ಹೆದ್ದಾರಿಯಲ್ಲಿ ಹಾಯುವ ಗಿರಾಕಿಯನ್ನೇ ನೆಚ್ಚಿದವರು, ಒಂದೇ ದಾರಿಯಿಂದ ಸರಕು ತರಿಸುವವರು ಅದರಿಂದ ಕಲಿಯಬೇಕಾದದ್ದಿದೆ. ಒಟ್ಟು ವ್ಯಾಪಾರದಲ್ಲಿ ಒಂದು ಪಾಲಾದರೂ ನಡೆದು ಬರುವ ಊರಿನವರಿಂದ ಬರುವಂತೆ ನೋಡಿಕೊಳ್ಳಿ. ಮೇ ತಿಂಗಳ ಕೊನೆಯೊಳಗೆ, ಮೂರು ವಾರ ಸಾಲುವಷ್ಟು ಕೆಡದ ಸರಕನ್ನು ನೆಲದಿಂದ ಎತ್ತರದಲ್ಲಿ ಜೋಡಿಸಿಡಿ. ದೇವಿಮನೆ ಘಟ್ಟದಿಂದ ಸರಕು ತರಿಸುವವರು ಅರಬೈಲು ಘಟ್ಟದ ಕಡೆಯಿಂದ ಕಳಿಸಬಲ್ಲ ಇನ್ನೊಬ್ಬ ಸಗಟು ವ್ಯಾಪಾರಿಯನ್ನು ಗೊತ್ತುಮಾಡಿಕೊಂಡು, ಬೇಸಿಗೆಯಲ್ಲೇ ಅವರಿಂದ ಒಂದೆರಡು ಸಲ ಸರಕು ಕೊಂಡು, ಹಣವನ್ನು ಹೇಳಿದ ದಿನ ಕೊಟ್ಟು ಪರಿಚಯ ಬೆಳೆಸಿಕೊಂಡಿರಬೇಕು. ದಾರಿ ಮುಚ್ಚಿದ ದಿನ ಮೊದಲ ಸಲ ಫೋನ್ ಮಾಡಿದವರಿಗಿಂತ ಮೊದಲು ಅವರು ಸರಕು ಕಳಿಸುವುದು ತಮಗೆ ಗೊತ್ತಿರುವವರಿಗೆ.